ಸಾವಿನ ಮನೆಯಿಂದ ಹೊರಬಂದ ಮೇಲೆ

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇನೆ. ಡೂಲಾ ತರಬೇತಿ ಪಡೆದು, ಇಲ್ಲಿನ ಹಾಸ್ಪೈಸ್ ಎಂಬ ಕೊನೆಗಾಲದ ಆರೈಕೆಯ ಸಂಸ್ಥೆಯೊಂದರಲ್ಲಿ ರೋಗಿಗಳ ಜೊತೆ ಕೂರುವ ಸ್ವಯಂಸೇವಕಿಯಾಗಿದ್ದೇನೆ. ಈ ವರ್ಷ ಐದು ಮಂದಿ ನನ್ನ ಕಣ್ಣೆದುರೇ ಹೋದರು. ಈಗ ರಾತ್ರಿ ಫ್ರಿಜ್ಜಿನ ಸದ್ದು ನಿಂತರೆ ಎಚ್ಚರವಾಗುತ್ತದೆ. ಅದು ಮತ್ತೆ ಶುರುವಾಗುವವರೆಗೆ ಎಣಿಸುತ್ತ ಮಲಗಿರುತ್ತೇನೆ. ಮನೆಯಲ್ಲಿ ‘ನಿನಗ್ಯಾಕೆ ಬೇಕಿತ್ತು’ ಎನ್ನುತ್ತಾರೆ. ಈ ನಡುವೆ ಕನ್ನಡದ ಅಜ್ಜಿಯೊಬ್ಬರ ಮಗಳು ನೀವೇ ಬರಬೇಕೆಂದು ಕೇಳಿದ್ದಾರೆ. ಒಪ್ಪಲೇ, ಎಲ್ಲವನ್ನೂ ಬಿಟ್ಟುಬಿಡಲೇ?
— ಹೆಸರು ಬೇಡ, ನ್ಯೂಜೆರ್ಸಿ

ಉತ್ತರ: ನೀವು ಏನನ್ನು ಎಣಿಸುತ್ತಿದ್ದೀರಿ ಎಂಬುದು ಈ ಕೆಲಸ ಬಲ್ಲವರಿಗೆ ತಕ್ಷಣ ತಿಳಿಯುತ್ತದೆ. ಸಾವು ಹತ್ತಿರವಾದಾಗ ಉಸಿರು ಏರಿ, ಇಳಿದು, ಕೆಲವು ಸೆಕೆಂಡು ಪೂರ್ತಿ ನಿಂತು, ಮತ್ತೆ ಆರಂಭವಾಗುವುದುಂಟು. ವೈದ್ಯರು ಇದನ್ನು ಚೇನ್-ಸ್ಟೋಕ್ಸ್ ಉಸಿರಾಟ ಎನ್ನುತ್ತಾರೆ. ಒದ್ದೆ ಸ್ಪಂಜಿನಿಂದ ತುಟಿ ತೇವ ಮಾಡುತ್ತಿದ್ದ ಕೈಯನ್ನು ತಡೆದು, ಮುಂದಿನ ಉಸಿರು ಬರುತ್ತದೆಯೋ ಇಲ್ಲವೋ ಎಂದು ನೀವು ಐದು ಮಂಚಗಳ ಪಕ್ಕದಲ್ಲಿ ಕಾದಿದ್ದೀರಿ. ಮನಸ್ಸು ಇನ್ನೂ ಕಾಯುತ್ತಲೇ ಇದೆ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಇತರ ಓದುಗರಿಗಾಗಿ ಒಂದು ಮಾತು. ಡೂಲಾ ಎಂದರೆ ಗ್ರೀಕ್ ಮೂಲದಲ್ಲಿ ಸೇವಕಿ. ಹೆರಿಗೆಯ ಹೊತ್ತಿನಲ್ಲಿ ಜೊತೆಗಿರುವವಳಿಗೆ ಬಳಕೆಯಾಗಿದ್ದ ಈ ಹೆಸರು ಅಮೆರಿಕದಲ್ಲಿ ಸಾವಿನ ಹೊತ್ತಿಗೂ ಬಂದಿತು. ಇನೆಲ್ಡಾ ಎಂಬ ತರಬೇತಿ ಸಂಸ್ಥೆ ಅಲ್ಲಿ 2015ರಲ್ಲಿ ಆರಂಭವಾಯಿತು. ಔಷಧಿ, ಇಂಜೆಕ್ಷನ್ ಎಲ್ಲ ನರ್ಸಿನ ಕೆಲಸ. ಡೂಲಾ ಜೊತೆಗಿರುತ್ತಾಳೆ, ಕೇಳಿಸಿಕೊಳ್ಳುತ್ತಾಳೆ, ದಣಿದ ಮನೆಯವರನ್ನು ಒಂದಿಷ್ಟು ಮಲಗಿಸುತ್ತಾಳೆ.

ನಮ್ಮ ಕಡೆ ಸಾವಿನ ಮನೆಗೆ ಹೋಗಿ ಬಂದವರು ಸ್ನಾನ ಮಾಡದೆ ಒಳಗೆ ಬರುತ್ತಿರಲಿಲ್ಲ, ಸತ್ತವರ ಮನೆಯವರಿಗೆ ಇಷ್ಟು ದಿನ ಎಂದು ಸೂತಕವಿರುತ್ತಿತ್ತು. ಇದರಲ್ಲಿನ ಮೈಲಿಗೆಯ ಭಾವನೆಯನ್ನು ನಾನು ಒಪ್ಪುವುದಿಲ್ಲ. ಆದರೆ ದುಃಖಕ್ಕೆ ಇದು ಆರಂಭ, ಇದು ಮುಕ್ತಾಯ ಎಂಬ ಗಡಿಯನ್ನು ಆ ಪದ್ಧತಿ ಹಾಕಿಕೊಡುತ್ತಿತ್ತು, ಮತ್ತು ನಿಮಗೆ ಇಲ್ಲವಾಗಿರುವುದು ಅದೇ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ನಿಯಮದಂತೆ ರೋಗಿ ತೀರಿಕೊಂಡ ಮೇಲೆ 1 ವರ್ಷದವರೆಗೆ ಹಾಸ್ಪೈಸಿನವರು ಕುಟುಂಬಕ್ಕೆ ದುಃಖ ಸಮಾಧಾನದ ನೆರವು ಕೊಡುವ ವ್ಯವಸ್ಥೆಯಿದೆ. ವಾರಗಟ್ಟಲೆ ಅದೇ ಮಂಚದ ಪಕ್ಕ ಕೂತಿದ್ದ ನೀವು ಮಾತ್ರ ಆ ಕುಟುಂಬದ ಲೆಕ್ಕಕ್ಕೆ ಸೇರದೆ, ಕೋಟು ಹಾಕಿಕೊಂಡು ಹೊರಬಂದು, ಇನ್ನೊಂದು ಮನೆಯ ಬಾಗಿಲು ತಟ್ಟುತ್ತೀರಿ.

ಆದ್ದರಿಂದ ನಿಮ್ಮ ಸೂತಕವನ್ನು ನೀವೇ ಗೊತ್ತುಮಾಡಿಕೊಳ್ಳಿ. ಒಂದು ಸಾವಿನ ನಂತರ ಇಷ್ಟು ವಾರ ಹೊಸ ರೋಗಿ ಬೇಡ ಎಂದು ಸ್ವಯಂಸೇವಕರ ಮೇಲ್ವಿಚಾರಕರಿಗೆ ಮೊದಲೇ ತಿಳಿಸಿಬಿಡಿ. ಹೇಳಲು ಸಂಕೋಚ ಬೇಡ, ಹಾಸ್ಪೈಸಿಗೆ ನೀವು ಬೇಕು: ಸಂಬಳದ ಸಿಬ್ಬಂದಿ ರೋಗಿಗಳ ಆರೈಕೆಗೆ ಕೊಡುವ ಒಟ್ಟು ಗಂಟೆಗಳ ಶೇ 5ಕ್ಕೆ ಸಮನಾದಷ್ಟಾದರೂ ಕೆಲಸವನ್ನು ಸ್ವಯಂಸೇವಕರು ಮಾಡಬೇಕು ಎಂದು ಮೆಡಿಕೇರ್ ನಿಯಮವೇ ಹೇಳುತ್ತದೆ. ತೀರಿಕೊಂಡವರ ಮನೆಗೆ ಕೆಲವು ವಾರ ಬಿಟ್ಟು ಒಮ್ಮೆ ಹೋಗಿ, ಆ ಕೊನೆಯ ದಿನಗಳ ಬಗ್ಗೆ ಅವರೊಂದಿಗೆ ಕೂತು ಮಾತನಾಡಿ. ಅದು ಅವರಿಗಷ್ಟೇ ಅಲ್ಲ, ನಿಮಗೂ ಬೇಕು. ನಿದ್ದೆಯ ವಿಷಯದಲ್ಲಿ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿರಿ.

ಅಜ್ಜಿಯ ಮನೆಗೆ ಈಗಲೇ ಒಬ್ಬರೇ ಹೋಗಬೇಡಿ. ಇನ್ನೊಬ್ಬ ಡೂಲಾ ರಾತ್ರಿಯ ಪಾಳಿ ವಹಿಸಿಕೊಳ್ಳುವುದಾದರೆ ಹಗಲಿನ ಎರಡು ಗಂಟೆ ನಿಮ್ಮದಾಗಿರಲಿ. ಕನ್ನಡ ಬಲ್ಲವಳು ನಾನೊಬ್ಬಳೇ ಎಂಬ ಚಿಂತೆ ನಿಮ್ಮನ್ನು ಅಲ್ಲಿ ಕಟ್ಟಿಹಾಕುತ್ತದೆಂದು ಬಲ್ಲೆ. ಮೊದಲ ದಿನವೇ ಮಗಳೊಂದಿಗೆ ಕೂತು ನೋವು, ನೀರು, ಸೆಕೆ, ಚಳಿ, ಮಗ್ಗುಲು, ಬಾಯಾರಿಕೆ, ಸಾಕು ಎಂಬಂಥ ಇಪ್ಪತ್ತು ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಎದುರಿಗೆ ಅರ್ಥದೊಂದಿಗೆ, ದೊಡ್ಡದಾಗಿ ಬರೆದು ಮಂಚದ ತಲೆಯ ಕಡೆ ಗೋಡೆಗೆ ಅಂಟಿಸಿ. ರಾತ್ರಿ ಎರಡು ಗಂಟೆಗೆ ಅಜ್ಜಿ ‘ಮಗ್ಗುಲು’ ಎಂದಾಗ ನರ್ಸ್ ಅದನ್ನು ಓದಿಕೊಂಡು ಅವರನ್ನು ಹೊರಳಿಸಬಲ್ಲಳು, ನೀವು ಮನೆಯಲ್ಲಿ ಮಲಗಿರಬಹುದು.