ಇ-ಕಾರಿನ ಎಸಿ: ಗ್ಯಾಸ್ ಹಾಕಿಸುವ ಮುಂಚೆ

ಪ್ರಶ್ನೆ: ನಮ್ಮದು ಮೂರು ವರ್ಷದ ಎಲೆಕ್ಟ್ರಿಕ್ ಕಾರು. ಈ ಬೇಸಿಗೆಯಲ್ಲಿ ಎಸಿ ಹಾಕಿದರೆ ಗಾಳಿ ಜೋರಾಗಿಯೇ ಬರುತ್ತದೆ, ತಂಪು ಮಾತ್ರ ಇಲ್ಲ. ಊರಿನ ಗ್ಯಾರೇಜಿನವರು ‘ಗ್ಯಾಸ್ ಕಮ್ಮಿಯಾಗಿದೆ, ಹಾಕಿಬಿಡೋಣ’ ಅನ್ನುತ್ತಿದ್ದಾರೆ. ಹಾಕಿಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸದ್ಯಕ್ಕೆ ಬೇಡ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವಂಥದ್ದಲ್ಲ. ಮೂರೇ ವರ್ಷಕ್ಕೆ ತಂಪು ಪೂರಾ ಹೋಗುವಷ್ಟು ಕಮ್ಮಿಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ಹಾಕಿಸಿದ ಗ್ಯಾಸ್ ಅದೇ ದಾರಿ ಹಿಡಿಯುತ್ತದೆ.

ಮೊದಲು ನೀವೇ ನೋಡಬಹುದಾದದ್ದು ಇಷ್ಟು. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಎಸಿಯನ್ನು ಪೂರ್ತಿ ತಂಪಿಗೆ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವಂತೆ ರೀಸರ್ಕ್ಯುಲೇಷನ್ ಹಾಕಿ. ಹತ್ತು ನಿಮಿಷ ಬಿಟ್ಟು ಗಾಳಿಕಿಂಡಿಗೆ ಥರ್ಮಾಮೀಟರ್ ಹಿಡಿಯಿರಿ. ಹೊರಗೆ 33-35 ಡಿಗ್ರಿ ಇದ್ದಾಗ ಕಿಂಡಿಯಲ್ಲಿ 10 ಡಿಗ್ರಿಯ ಆಸುಪಾಸು ಬಂದರೆ ಎಸಿಗೆ ಕಾಯಿಲೆಯಿಲ್ಲ. 20 ದಾಟಿದರೆ ಬಾನೆಟ್ ಎತ್ತಿ ಕಿವಿಗೊಡಿ. ಪೆಟ್ರೋಲ್ ಕಾರಿನಲ್ಲಿ ಕೇಳುವ ಕ್ಲಚ್ಚಿನ ‘ಟಕ್’ ಸದ್ದನ್ನು ಇಲ್ಲಿ ಹುಡುಕಬೇಡಿ. ಇಲ್ಲಿ ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ. ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರಿನ ಹೊಟ್ಟೆಯಲ್ಲೇ ಮೋಟಾರಿದೆ, ದೊಡ್ಡ ಬ್ಯಾಟರಿಯ ಕರೆಂಟಿನಲ್ಲಿ ಸಣ್ಣಗೆ ಗುಂಯ್‌ಗುಡುತ್ತದೆ.

ಮುಂದಿನ ಫ್ಯಾನ್ ತಿರುಗದಿದ್ದರೆ ಅದರ ಫ್ಯೂಸು, ರಿಲೇ, ಕನೆಕ್ಟರ್ ನೋಡಿಸಿ. ಓಡುವಾಗ ತಂಪಾಗಿದ್ದು ಸಿಗ್ನಲ್ಲಿನಲ್ಲಿ ನಿಂತೊಡನೆ ಬಿಸಿಗಾಳಿ ಬರುತ್ತದೆ ಅನ್ನುವವರ ಕಾರಿನಲ್ಲಿ ತಪ್ಪು ಬಹುಪಾಲು ಇಲ್ಲೇ, ಇಲ್ಲವೇ ಕಂಡೆನ್ಸರಿನಲ್ಲಿ (ಗ್ಯಾಸಿನ ಬಿಸಿಯನ್ನು ಹೊರಬಿಡುವ ಮುಂಭಾಗದ ಜಾಲರಿ). ತೋಟದ ರಸ್ತೆಯಲ್ಲಿ ಓಡಾಡುವ ಕಾರಿನ ಕಂಡೆನ್ಸರ್ ರೆಕ್ಕೆಗಳ ನಡುವೆ ಕೆಮ್ಮಣ್ಣು, ಹುಳು, ತರಗೆಲೆ ಸೇರಿ ಗೋಡೆಯೇ ಕಟ್ಟಿರುತ್ತದೆ. ಕಾರು ಆಫ್ ಮಾಡಿ, ಚಾರ್ಜರ್ ಕಿತ್ತು (ಚಾರ್ಜಿಗಿಟ್ಟಾಗ ಫ್ಯಾನ್ ತಾನಾಗಿಯೇ ತಿರುಗೀತು), ತೋಟದ ಪೈಪಿನಿಂದ ಮೆದುವಾಗಿ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಜೆಟ್ ಹೊಡೆಸಿದರೆ ರೆಕ್ಕೆಗಳು ಮಡಚಿಕೊಂಡು ಇದ್ದ ಗಾಳಿಯೂ ನಿಲ್ಲುತ್ತದೆ.

ಫ್ಯಾನ್ ತಿರುಗುತ್ತಿದ್ದು ಕಂಪ್ರೆಸರ್ ಸುಮ್ಮನಿದ್ದರೆ ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಹಾಕಿಸಲೇಬೇಕು. 12 ವೋಲ್ಟಿನ ಚಿಕ್ಕ ಬ್ಯಾಟರಿ ಸೊರಗಿರಬಹುದು, ಒತ್ತಡದ ಸೆನ್ಸರ್ ಕೈಕೊಟ್ಟಿರಬಹುದು, ಅಥವಾ ಗ್ಯಾಸ್ ನಿಜಕ್ಕೂ ಸೋರಿ ಒತ್ತಡ ಬಿದ್ದುದರಿಂದ ಕಂಪ್ಯೂಟರೇ ಕಂಪ್ರೆಸರನ್ನು ತಡೆದಿರಬಹುದು.

ಇನ್ನು ಗ್ಯಾಸಿನ ಒತ್ತಡ ಅಳೆಯುವ ಗೇಜಿನ ಮಾತು. ಆರ್-134ಎ ಗ್ಯಾಸಿರುವ ಕಾರು ಆಫ್ ಆಗಿದ್ದಾಗ, 30 ಡಿಗ್ರಿಯಲ್ಲಿ ಗೇಜು ಸುಮಾರು 6.7 ಬಾರ್, ಅಂದರೆ 97 ಪಿಎಸ್‌ಐ ತೋರಿಸುತ್ತದೆ. ಒಳಗೆ ಒಂದಿಷ್ಟು ಗ್ಯಾಸ್ ದ್ರವರೂಪದಲ್ಲಿ ಉಳಿದಿರುವವರೆಗೂ, ಗ್ಯಾಸ್ ಪೂರ್ತಿಯಿರಲಿ ಅರ್ಧವಿರಲಿ, ಮುಳ್ಳು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ‘ಗೇಜು ಸರಿಯಿದೆ, ಗ್ಯಾಸ್ ಫುಲ್’ ಎಂಬ ಮಾತನ್ನು ನಂಬಬೇಡಿ. ಇರುವುದನ್ನೆಲ್ಲ ಯಂತ್ರದಿಂದ ಹೊರಗೆಳೆದು ತೂಗಿ, ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿರುವ ಗ್ರಾಂ ಲೆಕ್ಕದೊಂದಿಗೆ ಹೋಲಿಸುವುದೇ ಸರಿಯಾದ ಕ್ರಮ. ಯಾವ ಗ್ಯಾಸ್ ಅನ್ನುವುದೂ ಆ ಸ್ಟಿಕ್ಕರಿನಲ್ಲೇ ಇರುತ್ತದೆ. ಆರ್-1234ವೈಎಫ್ ಎಂದಿದ್ದರೆ 134ಎ ಬೆರೆಸಕೂಡದು.

ನಿಜವಾದ ಅಪಾಯ ಗ್ಯಾಸಿನ ಜೊತೆ ಒಳಗೆ ಸುತ್ತುವ ಎಣ್ಣೆಯದ್ದು. ಕಂಪ್ರೆಸರಿನ ಮೋಟಾರ್ ಸುರುಳಿಗಳು ಗ್ಯಾಸ್ ಮತ್ತು ಎಣ್ಣೆಯಲ್ಲೇ ಮುಳುಗಿರುವುದರಿಂದ ಆ ಎಣ್ಣೆ ಕರೆಂಟನ್ನು ಹಾಯಬಿಡಬಾರದು. ಅದಕ್ಕೇ ಹೆಚ್ಚಿನ ಇ-ಕಾರುಗಳಿಗೆ ಪಿಒಇ ಎಣ್ಣೆ. ಪೆಟ್ರೋಲ್, ಡೀಸೆಲ್ ಕಾರುಗಳ ಸಾಮಾನ್ಯ ಪಿಎಜಿ ಎಣ್ಣೆ ಇದರೊಳಗೆ ಹೋದರೆ ಇನ್ಸುಲೇಷನ್ ಕುಸಿಯುತ್ತದೆ. ಎಸಿ ಹಾಗಿರಲಿ, ಕಾರೇ ಸ್ಟಾರ್ಟ್ ಆಗಲು ಒಪ್ಪದಿರಬಹುದು. ಗ್ಯಾರೇಜಿನವರು ಬೇರೆ ಕಾರಿಗೆ ಗ್ಯಾಸ್ ತುಂಬಲು ಬಳಸಿದ ಹೋಸಿನಲ್ಲಿ ಉಳಿದ ಎಣ್ಣೆಯೂ ತೊಂದರೆಯೇ. ಸೋರಿಕೆ ಹುಡುಕಲು ಹಾಕುವ ಬಣ್ಣವೂ ಇ-ಕಾರಿಗೆ ಹೊಂದುವಂಥದ್ದಾಗಿರಬೇಕು. ಗ್ಯಾರೇಜಿನವರನ್ನು ಕೇಳಿ: ಎಣ್ಣೆ ಯಾವುದು, ಹೋಸು ಬೇರೆ ಇದೆಯೇ, ತೂಕದ ಲೆಕ್ಕದಲ್ಲಿ ತುಂಬುತ್ತೀರಾ? ತಡವರಿಸಿದರೆ ಕಾರು ವಾಪಸ್ ತನ್ನಿ.

ಸೋರಿಕೆ ಸರಿಪಡಿಸಿದ ಮೇಲೆ ಕನಿಷ್ಠ 30 ನಿಮಿಷ ವ್ಯಾಕ್ಯೂಮ್ ಎಳೆಯಬೇಕು, ಅಂದರೆ ಪಂಪಿನಿಂದ ಒಳಗಿನ ಗಾಳಿ, ತೇವವನ್ನು ಹೊರತೆಗೆಯಬೇಕು. ಪಂಪ್ ನಿಲ್ಲಿಸಿ 15 ನಿಮಿಷ ಕಾದಾಗ ಮುಳ್ಳು ಏರಬಾರದು. ಮಳೆಗಾಲದಲ್ಲಿ ಪೈಪ್ ಬಿಚ್ಚಿಟ್ಟಿದ್ದರೆ ನಮ್ಮ ಗಾಳಿಯ ತೇವ ಒಳಸೇರಿರುತ್ತದೆ. ತೇವ ಹೀರುವ ಡ್ರೈಯರ್ ಬದಲಿಸಿ, ವ್ಯಾಕ್ಯೂಮನ್ನು ಇನ್ನಷ್ಟು ಹೊತ್ತು ಎಳೆಸಿ.

ಪ್ರಶ್ನೆ: ಹುಲಿಕಲ್ ಘಾಟಿ ಹತ್ತಿದ ಮೇಲೆ, ಫಾಸ್ಟ್ ಚಾರ್ಜಿಗೆ ಇಟ್ಟಾಗ ಎಸಿ ಸಪ್ಪೆಯಾಗುತ್ತದೆ. ಆಮೇಲೆ ತಾನಾಗಿಯೇ ಸರಿಹೋಗುತ್ತದೆ. ಇದು ದೋಷವೇ?
– ಓದುಗರೊಬ್ಬರು, ಹೊಸನಗರ

ಉತ್ತರ: ನಿಮ್ಮ ಬ್ಯಾಟರಿ ದ್ರವದಿಂದ ತಣಿಯುವ ಬಗೆಯದಾದರೆ ದೋಷವಲ್ಲ. ಅಂಥ ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿಯನ್ನು ತಣಿಸುವುದೂ ಇದೇ ಕಂಪ್ರೆಸರ್. ಬ್ಯಾಟರಿ ಕಾದಾಗ ತಂಪಿನ ಪಾಲು ಮೊದಲು ಅದಕ್ಕೆ, ಉಳಿದದ್ದು ನಿಮಗೆ. ಚಾರ್ಜ್ ಮುಗಿದು ಅರ್ಧ ಗಂಟೆ ಓಡಿಸಿದರೂ ತಂಪು ಮರಳದಿದ್ದರೆ ಮಾತ್ರ ತೋರಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಮುಗ್ಗಲು ವಾಸನೆ, ಎಡಸೀಟಿನ ಕಾಲ ಬಳಿ ನೀರು. ಬಾನೆಟ್ ಒಳಗೆ ಇಲಿಯೂ ಸೇರಿಕೊಂಡಿದೆ.
– ಓದುಗರೊಬ್ಬರು, ಸಾಗರ

ಉತ್ತರ: ಎಸಿಯ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿದೆ, ಬಿಡಿಸಿ. ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಬದಲಿಸಿ. ಮನೆ ತಲುಪುವ ಐದು ನಿಮಿಷ ಮುಂಚೆ ಎಸಿ ಆರಿಸಿ ಬ್ಲೋವರ್ ಮಾತ್ರ ಬಿಟ್ಟರೆ ಒಳಗಿನ ತೇವ ಆರುತ್ತದೆ. ಇಲಿ ಕಿತ್ತಳೆ ಬಣ್ಣದ ವೈರು ಕಡಿದಿದ್ದರೆ ಮುಟ್ಟಬೇಡಿ, ಟೇಪನ್ನೂ ಸುತ್ತಬೇಡಿ. ಅದರಲ್ಲಿರುವುದು ಜೀವ ತೆಗೆಯುವಷ್ಟು ವೋಲ್ಟೇಜು. ಕಾರನ್ನು ಓಡಿಸದೆ ಲಾರಿಯ ಮೇಲೇರಿಸಿ ಸಾಗಿಸಿ, ಹೈ ವೋಲ್ಟೇಜ್ ತರಬೇತಿ ಇರುವವರ ಕೈಗೇ ಕೊಡಿ.