4-5ನೇ ತರಗತಿ ಮಕ್ಕಳ ಬರವಣಿಗೆ ಪಾಠಕ್ಕೆ ಇಡೀ ವರ್ಷದ ಯೋಜನೆ ಹೇಗೆ ಮಾಡುವುದು?

ಮೊದಲ ಎರಡು ವಾರ ಏನನ್ನೂ ಕಲಿಸಲು ಹೋಗಬೇಡಿ. ದಿನಾ 10 ನಿಮಿಷ ಸುಮ್ನೆ ಬರೆಸಿ, ಓದಿ ನೋಡಿ. ಯಾರಿಗೆ ಎಷ್ಟು ಬರುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಸ್ವಂತ ಅನುಭವ, ಮಾಹಿತಿ ಬರಹ, ಅಭಿಪ್ರಾಯ, ಇವಕ್ಕೆ ತಲಾ ಆರೇಳು ವಾರ. ಅನುಭವವೇ ಮೊದಲಿರಲಿ, ವಿಷಯ ಹುಡುಕುವ ಕಷ್ಟ ಇರುವುದಿಲ್ಲ. ಕಥೆ, ಕವನ ಕೊನೆಗೆ.

ಜಾಸ್ತಿ ಸಮಯ ತಿದ್ದಿ ಬರೆಯುವುದಕ್ಕೆ ಇಡಿ. ಅಂದರೆ ಬರೀ ಕಾಗುಣಿತ ಸರಿಮಾಡುವುದಲ್ಲ. ಮಗು ‘ನಾಯಿ ನೋಡಿ ಹೆದರಿದೆ’ ಅಂತ ಬರೆದಿದ್ದರೆ, ‘ಆಗ ನಿನ್ನ ಕಾಲು ಏನು ಮಾಡ್ತು?’ ಅಂತ ಕೇಳಿ. ‘ಓಡೋಣ ಅಂದರೆ ಕಾಲೇ ಏಳಲಿಲ್ಲ’ ಅನ್ನುವ ಸಾಲು ಹುಟ್ಟುವುದು ಹೀಗೆ. ಒಂದು ಬರಹಕ್ಕೆ ಇಂಥ ಒಂದು ಪ್ರಶ್ನೆ ಸಾಕು. ಪುಟವೆಲ್ಲಾ ಕೆಂಪು ಶಾಯಿ ಆದರೆ ಮುಂದಿನ ಸಲ ಎರಡೇ ಸಾಲು ಬರೆದು ಕೊಡುತ್ತಾರೆ, ಅಲ್ವಾ?