ಸುರಂಗದಲ್ಲಿ ಮೊಬೈಲ್ ಮ್ಯಾಪ್ ದಾರಿ ತಪ್ಪುವುದೇಕೆ?

ಪ್ರಶ್ನೆ: ಕೊಪ್ಪಳದಿಂದ ಚಿತ್ರದುರ್ಗದ ಕಡೆ ಹೋಗುವಾಗ ಹೊಸಪೇಟೆ ಹತ್ತಿರ ಹೆದ್ದಾರಿ ಸುರಂಗ ಸಿಗುತ್ತದೆ. ಒಳಗೆ ಹೊಕ್ಕರೆ ನನ್ನ ಮೊಬೈಲ್ ಮ್ಯಾಪ್‌ಗೆ ಗಲಿಬಿಲಿ. ಅಣ್ಣನ ಕಾರಿನಲ್ಲಿ ಕಂಪನಿಯೇ ಕೊಟ್ಟ ನ್ಯಾವಿಗೇಶನ್ ಮಾತ್ರ ಸರಿಯಾಗಿಯೇ ತೋರಿಸುತ್ತದೆ. ನಾನೂ ನ್ಯಾವಿಗೇಶನ್ ಇರುವ ಹೊಸ ಸ್ಟೀರಿಯೊ ಹಾಕಿಸಲೇ?
– ಓದುಗರು, ಕೊಪ್ಪಳ

ಉತ್ತರ: ಸುರಂಗದೊಳಗೆ ಇಬ್ಬರಿಗೂ ಉಪಗ್ರಹ ಸಿಗುವುದಿಲ್ಲ. ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ನೆಲ ಮುಟ್ಟುವ ಹೊತ್ತಿಗೆ ಸಿಗ್ನಲ್ ಬಹಳ ಸಣ್ಣದಾಗಿರುತ್ತದೆ, ಬಂಡೆ ತೂರಿ ಬರುವ ಮಾತೇ ಇಲ್ಲ. ಆಮೇಲೆ ನಡೆಯುವುದೆಲ್ಲ ಅಂದಾಜು.

ಅಣ್ಣನ ಕಾರಿನದು ಪಕ್ಕಾ ಅಂದಾಜು. ಎಬಿಎಸ್ ಬ್ರೇಕಿಗಾಗಿ (ಜೋರಾಗಿ ಒತ್ತಿದರೂ ಚಕ್ರ ಕಚ್ಚಿ ಜಾರದಂತೆ ತಡೆಯುವ ಬ್ರೇಕ್) ಇರುವ ಸೆನ್ಸರ್‌ಗಳು ಚಕ್ರ ಎಷ್ಟು ತಿರುಗಿತೆಂದು ಎಣಿಸುತ್ತವೆ. ಗೈರೊ ಚಿಪ್ ಕಾರು ಎತ್ತ ಹೊರಳಿತೆಂದು ಹೇಳುತ್ತದೆ. ಎರಡನ್ನೂ ಕೂಡಿಸಿ ಮ್ಯಾಪಿನ ರಸ್ತೆಯ ಮೇಲೆ ಕೂರಿಸಿದರೆ ಆಯಿತು. ಇದಕ್ಕೆ ಡೆಡ್ ರೆಕನಿಂಗ್ ಅನ್ನುತ್ತಾರೆ. ಹಡಗಿನವರ ಹಳೆಯ ವಿದ್ಯೆ. 1981ರಲ್ಲಿ ಹೋಂಡಾ ಜಪಾನಿನಲ್ಲಿ ಉಪಗ್ರಹದ ಹಂಗೇ ಇಲ್ಲದೆ, ಬರೀ ಗೈರೊ ಮತ್ತು ಚಕ್ರದ ಲೆಕ್ಕದಲ್ಲೇ ದಾರಿ ತೋರಿಸುವ ಯಂತ್ರ ಮಾರಿತ್ತು!

ಹಾಗಂತ ಇದು ತಪ್ಪುವುದೇ ಇಲ್ಲ ಅಂತಲ್ಲ. ದಿಕ್ಕಿನಲ್ಲಿ ಒಂದೇ ಡಿಗ್ರಿ ತಪ್ಪಿದರೂ ಒಂದು ಕಿ.ಮೀ. ಹೋಗುವಷ್ಟರಲ್ಲಿ ಸುಮಾರು 17 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಬೇರೆ ಅಳತೆಯ ಟೈರ್ ಹಾಕಿಸಿದರೆ ದೂರದ ಲೆಕ್ಕವೂ ಸ್ವಲ್ಪ ದಿನ ಕೆಡಬಹುದು. ಬಯಲಿನಲ್ಲಿ ಸಿಗ್ನಲ್ ಚೆನ್ನಾಗಿರುವಾಗ ಯಂತ್ರ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ.

ಮೊಬೈಲಿನಲ್ಲೂ ಗೈರೊ ಇರುತ್ತದೆ. ಆದರೆ ಚಕ್ರದ ಸುದ್ದಿ ಅದಕ್ಕೆ ಸಿಗುವುದಿಲ್ಲ. ಸಾಮಾನ್ಯವಾಗಿ, ಒಳಗೆ ಹೊಕ್ಕಾಗ ಇದ್ದ ವೇಗದಲ್ಲೇ ಹೋಗುತ್ತಿದ್ದೀರಿ ಅಂದುಕೊಳ್ಳುತ್ತದೆ. ನೀವು ಅದಿರಿನ ಲಾರಿ ಹಿಂದೆ ತೆವಳುತ್ತಿದ್ದರೆ ಮ್ಯಾಪಿನ ಚುಕ್ಕೆ ಆಗಲೇ ಆಚೆ ಬದಿಗೆ ಬಂದಿರುತ್ತದೆ. ಕೆಲವು ಕಾರುಗಳು ಆಂಡ್ರಾಯ್ಡ್ ಆಟೊ (ಫೋನನ್ನು ಕಾರಿನ ಪರದೆಗೆ ಜೋಡಿಸುವ ವ್ಯವಸ್ಥೆ) ಮೂಲಕ ಫೋನಿಗೆ ವೇಗ ತಿಳಿಸುತ್ತವೆ, ಆಗ ಪರವಾಗಿಲ್ಲ.

ಸ್ಟೀರಿಯೊ ವಿಚಾರ. ಈ ಒಂದು ಸುರಂಗಕ್ಕಾಗಿ ಸುಮ್ನೆ ದುಡ್ಡು ಹಾಕಬೇಡಿ. ಅಂಗಡಿಯಲ್ಲಿ ‘ಜಿಪಿಎಸ್ ಇದೆ’ ಅಂದರೆ ಬಹಳ ಸಲ ಆಂಟೆನಾ ಇದೆ ಅಂತಷ್ಟೇ ಅರ್ಥ. ಹಾಕಿಸಲೇಬೇಕೆಂದರೆ, ಕಾರಿನ ವೇಗದ ವೈರ್ ಜೋಡಿಸುತ್ತೀರಾ, ಗೈರೊ ಇದೆಯಾ ಅಂತ ಕೇಳಿ.

ಇನ್ನೊಂದು ಮಾತು. ಸಂಡೂರಿನ ಗುಡ್ಡಗಳ ಕಡೆ ಮ್ಯಾಪ್ ನಿಂತರೆ ಅದು ಹೆಚ್ಚಾಗಿ ಉಪಗ್ರಹದ ತಪ್ಪಲ್ಲ, ಮೊಬೈಲ್ ನೆಟ್‌ವರ್ಕ್‌ನದು. ಅದಕ್ಕೆ ಸ್ಟೀರಿಯೊ ಬೇಡ. ಮನೆಯಿಂದ ಹೊರಡುವ ಮೊದಲೇ ಆ ಭಾಗದ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ, ಸಾಕು.